ದೋಷ ಸಂದೇಶವನ್ನು ಓದುವುದು ಹೇಗೆ?



ವಿಜ್ಞಾನದ ಲೆಕ್ಕಾಚಾರಕ್ಕೆ ಬೇಕಾದ ಅನೇಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೆ ಕೆಲವು ಸೋರ್ಸ್ ಕೋಡ್ ರೂಪದಲ್ಲೇ ಬರುತ್ತವೆ. ಲಿನಕ್ಸ್ ಗಣಕದಲ್ಲಿ ನಾವೇ ಅವನ್ನು ಕಂಪೈಲ್ ಮಾಡಿಕೊಳ್ಳಬೇಕು. ಆಗ ಪರದೆಯ ತುಂಬ ದೋಷ ಸಂದೇಶಗಳು ಬಂದರೆ, ಇದು ನಮ್ಮ ಕೈಲಾಗದು ಎಂದು ಪ್ರಾಜೆಕ್ಟನ್ನೇ ಕೈಬಿಡುವವರಿದ್ದಾರೆ. ಭಾಷೆ ಕಲಿಸುವವಳಾಗಿ ನಾನು ಹೇಳುವುದಿಷ್ಟೆ: ಆ ಸಂದೇಶಗಳೂ ವಾಕ್ಯಗಳೇ. ಅವನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಕೊನೆಯ ಸಾಲನ್ನಲ್ಲ, ಮೊದಲ ದೋಷವನ್ನು ಹುಡುಕಿ. ಅಂಗಿಯ ಮೊದಲ ಗುಂಡಿ ತಪ್ಪಿದರೆ ಉಳಿದವೆಲ್ಲ ತಪ್ಪುತ್ತವೆ ತಾನೆ? ಕೊನೆಯಲ್ಲಿ ಕಾಣುವ 'ಎರರ್ 1' ಕೆಲಸ ನಿಂತಿತು ಎಂದು ಹೇಳುತ್ತದೆ, ಏಕೆ ನಿಂತಿತು ಎಂದು ಹೇಳುವುದಿಲ್ಲ.

ಮುಖ್ಯವಾಗಿ ಎರಡು ಹಂತಗಳಿವೆ. ಕಂಪೈಲರ್ ಒಂದೊಂದು ಕಡತದ ವ್ಯಾಕರಣ ನೋಡಿ ಅದನ್ನು ಯಂತ್ರಭಾಷೆಗೆ ತಿರುಗಿಸುತ್ತದೆ. ಆಮೇಲೆ ಲಿಂಕರ್ ಅವನ್ನೆಲ್ಲ ಜೋಡಿಸುತ್ತದೆ. ನಮ್ಮ ಸಂಧಿಕಾರ್ಯದಂತೆ ಎನ್ನಿ.

'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎಂದು ಬಂದರೆ ಮೊದಲ ಹಂತದಲ್ಲೇ ಒಂದು ಕಡತ ಸಿಕ್ಕಿಲ್ಲ. ಉದಾಹರಣೆಗೆ, ಫೂರಿಯೇ ಪರಿವರ್ತನೆಗೆ ಬಳಸುವ ಎಫ್‌ಎಫ್‌ಟಿಡಬ್ಲ್ಯು ಲೈಬ್ರರಿಯ ಹೆಡರ್ ಕಡತ. ಲೈಬ್ರರಿ ಪುಸ್ತಕವಾದರೆ ಹೆಡರ್ ಅದರ ಪರಿವಿಡಿ. ಉಬುಂಟುವಿನಲ್ಲಿ ಪುಸ್ತಕವಿದ್ದೂ ಪರಿವಿಡಿ ಇಲ್ಲದಿರಬಹುದು. ಹೆಸರಿನ ಕೊನೆಗೆ 'ಡೆವ್' ಎಂದಿರುವ ಪ್ಯಾಕೇಜ್ ಹಾಕಿಕೊಂಡರೆ ಸಾಕು. ಫೆಡೋರಾದಲ್ಲಿ ಅದು 'ಡೆವೆಲ್'.

'ಅನ್‌ಡಿಫೈನ್ಡ್ ರೆಫರೆನ್ಸ್' ಎಂದರೆ ಎರಡನೆಯ ಹಂತದ ತೊಡಕು. ಹೆಸರು ಗೊತ್ತು, ಕೆಲಸ ಮಾಡುವ ಭಾಗ ಸಿಕ್ಕಿಲ್ಲ. ಮೇಟ್ರಿಕ್ಸ್ ಗುಣಾಕಾರದ 'ಡಿಜೆಮ್' ಕಾಣೆಯಾಗಿದ್ದರೆ ಅದು ಬ್ಲಾಸ್ ಲೈಬ್ರರಿಯಲ್ಲಿರುತ್ತದೆ. ಆ ಲೈಬ್ರರಿಯ ಹೆಸರನ್ನು ಆಜ್ಞೆಯಲ್ಲಿ ಸೇರಿಸಬೇಕು, ಅದೂ ನಮ್ಮ ಕಡತಗಳ ಹೆಸರಾದ ಮೇಲೆ. ಇಲ್ಲಿ ಪದಗಳ ಕ್ರಮವೂ ಮುಖ್ಯ!

ಕೆಲವೊಮ್ಮೆ ಏನೂ ಕಾಣೆಯಾಗಿರುವುದಿಲ್ಲ, ನಿಯಮವೇ ಬದಲಾಗಿರುತ್ತದೆ. 2020ರಲ್ಲಿ ಬಂದ ಜಿಸಿಸಿ 10ರಿಂದ ಫೋರ್ಟ್ರಾನ್ ಕಂಪೈಲರ್ ಬಿಗಿಯಾಯಿತು. ಒಂದೇ ಉಪಕ್ರಮವನ್ನು ಒಂದು ಕಡೆ ಪೂರ್ಣಾಂಕದೊಂದಿಗೆ, ಇನ್ನೊಂದು ಕಡೆ ದಶಮಾಂಶ ಸಂಖ್ಯೆಯೊಂದಿಗೆ ಕರೆದರೆ 'ಟೈಪ್ ಮಿಸ್‌ಮ್ಯಾಚ್' ಎಂದು ತಡೆಯುತ್ತದೆ. ಎಷ್ಟೋ ಹಳೆಯ ಪ್ರೋಗ್ರಾಂಗಳು ಹೀಗೆ ನಿಂತವು. 'ಅಲೌ ಆರ್ಗ್ಯುಮೆಂಟ್ ಮಿಸ್‌ಮ್ಯಾಚ್' ಎಂಬ ಆಯ್ಕೆ ಕೊಟ್ಟರೆ ದೋಷವು ಬರೀ ಎಚ್ಚರಿಕೆಯಾಗುತ್ತದೆ.

ಆದರೆ ಎಚ್ಚರಿಕೆಯ ಬಾಯಿ ಮುಚ್ಚಿಸಿದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ವ್ಯಾಕರಣ ಶುದ್ಧವಾದ ವಾಕ್ಯವೂ ಸುಳ್ಳು ಹೇಳಬಹುದಲ್ಲವೆ? ಆದ್ದರಿಂದ ಅನೇಕ ತಂತ್ರಾಂಶಗಳ ಜೊತೆಗೇ ಬರುವ ಪರೀಕ್ಷೆಗಳನ್ನು 'ಮೇಕ್ ಚೆಕ್' ಅಥವಾ 'ಮೇಕ್ ಟೆಸ್ಟ್' ಆಜ್ಞೆಯಿಂದ ನಡೆಸಿ, ಉತ್ತರ ಸರಿ ಬಂದ ಮೇಲೆಯೇ ನಿಮ್ಮ ಪ್ರಾಜೆಕ್ಟಿಗೆ ಬಳಸಿ.

ಅರ್ಥವಾಗದ ಆಜ್ಞೆಯನ್ನು ಎಲ್ಲಿಂದಲೋ ತಂದು ಅಂಟಿಸಬೇಡಿ. ಸಂದೇಶದಲ್ಲಿರುವ ಕಡತದ ಹೆಸರು, ಸಾಲಿನ ಸಂಖ್ಯೆ, ಕಾಣೆಯಾದ ಪದ ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬಹಳಷ್ಟು ಸಲ ಉತ್ತರ ಅಲ್ಲೇ ಇರುತ್ತದೆ.