40ಕ್ಕೆ 35 ಕೂಡಿಸಿದರೆ 4035 ಏಕೆ?

ಪ್ರಶ್ನೆ: ಶಿಡ್ಲಘಟ್ಟದ ಮಾರುಕಟ್ಟೆಗೆ ಅಪ್ಪ ಒಯ್ಯುವ ರೇಷ್ಮೆಗೂಡಿನ ಲೆಕ್ಕಕ್ಕೆ ಒಂದು ಫಾರ್ಮ್ ಬರೆದೆ. ಎರಡು ಲಾಟ್‌ಗಳ ತೂಕ 40, 35 ಎಂದು ತುಂಬಿದರೆ ಮೊತ್ತ 4035 ಎನ್ನುತ್ತದೆ. ಅದೂ ಕ್ಷಣದಲ್ಲೇ ಮಾಯ. ಏಕೆ?
ಓದುಗರು, ಚಿಂತಾಮಣಿ

ಉತ್ತರ: ಚೌಕದ ಟೈಪ್ ‘ನಂಬರ್’ ಎಂದಿದ್ದರೂ ಅದರ ‘ವ್ಯಾಲ್ಯೂ’ ಜಾವಾಸ್ಕ್ರಿಪ್ಟ್‌ಗೆ ಸಿಗುವುದು ಬರಹವಾಗಿಯೇ. ಎರಡು ಬರಹಗಳ ನಡುವೆ + ಹಾಕಿದರೆ ಅದು ಕೂಡಿಸುವುದಿಲ್ಲ, ಒಂದರ ಪಕ್ಕ ಇನ್ನೊಂದನ್ನು ಅಂಟಿಸುತ್ತದೆ. ತಮಾಷೆಯೆಂದರೆ, ತೂಕವನ್ನು ದರದಿಂದ ಗುಣಿಸಿದರೆ ಉತ್ತರ ಸರಿಯಾಗಿಯೇ ಬರುತ್ತದೆ. * ಚಿಹ್ನೆ ಬರಹವನ್ನು ತಾನೇ ಸಂಖ್ಯೆಯಾಗಿಸಿಕೊಳ್ಳುತ್ತದೆ. ಹಾಗಾಗಿಯೇ ಈ ತಪ್ಪು ಬೇಗ ಕಣ್ಣಿಗೆ ಬೀಳದು. ಪ್ರತಿ ತೂಕವನ್ನೂ ‘ನಂಬರ್’ ಫಂಕ್ಷನ್ನಿಗೆ ಕೊಟ್ಟು ಆಮೇಲೆ ಕೂಡಿಸಿ, 75 ಬರುತ್ತದೆ. ಬರಹದ ಚೌಕದಲ್ಲಿ ಯಾರಾದರೂ ಕನ್ನಡ ಅಂಕಿಯಲ್ಲಿ ‘೪೦’ ಎಂದು ತುಂಬಿದರೆ ಮಾತ್ರ ಅದು ‘ನ್ಯಾನ್’, ಅಂದರೆ ಸಂಖ್ಯೆಯೇ ಅಲ್ಲ, ಎಂದುಬಿಡುತ್ತದೆ. ಕನ್ನಡಿಗರಿಗೆ ಬೇಸರದ ಸಂಗತಿಯೇ! ಮೊದಲು ನೀವೇ ಅಂಕಿ ಬದಲಿಸಿಕೊಳ್ಳಬೇಕು.

ಮಾಯವಾಗುವುದಕ್ಕೆ ಕಾರಣ ಬಟನ್. ಫಾರ್ಮಿನೊಳಗಿನ ಬಟನ್‌ಗೆ ಟೈಪ್ ಹೇಳದಿದ್ದರೆ ಅದು ‘ಸಬ್‌ಮಿಟ್’ ಆಗುತ್ತದೆ. ಒತ್ತಿದೊಡನೆ ಫಾರ್ಮ್ ರವಾನೆಯಾಗಿ ಪುಟ ಹೊಸದಾಗಿ ತೆರೆದುಕೊಳ್ಳುತ್ತದೆ. ಸಬ್‌ಮಿಟ್ ಇವೆಂಟ್ ಹಿಡಿದು, ಮೊದಲ ಸಾಲಿನಲ್ಲೇ ‘ಪ್ರಿವೆಂಟ್ ಡಿಫಾಲ್ಟ್’ ಕರೆಯಿರಿ. ಎಂಟರ್ ಒತ್ತಿದರೂ ಮೊತ್ತ ಮಾಯವಾಗದೆ ಪುಟದಲ್ಲೇ ಉಳಿಯುತ್ತದೆ. ಮುಂದೆ ಈ ಲೆಕ್ಕವನ್ನು ಸರ್ವರ್‌ಗೆ ಕಳಿಸುವುದಾದರೆ ಪ್ರತಿ ಚೌಕಕ್ಕೂ ‘ನೇಮ್’ ಕೊಡಿ. ‘ಐಡಿ’ ಮಾತ್ರ ಇದ್ದರೆ ತೂಕ ಅಲ್ಲಿಗೆ ಹೋಗುವುದೇ ಇಲ್ಲ.