ದೋಟಿಗೊಂದು ತಲೆ, ತಲೆಗೊಂದು ಕೆಲಸ

“ದೋಟಿ ಹಿಡಿಯುವವನಿಗೆ ಕುತ್ತಿಗೆ ನೋವು ಉಂಟಾ?”

ಕುಲುಮೆಯ ಮುಂದೆ ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಆಚಾರ್ರು ಕೇಳಿಯೇ ಬಿಟ್ಟರು. ಮರ ಎಷ್ಟು ಉದ್ದ, ತೋಟ ಎಷ್ಟು ಎಕರೆ ಎಂದೆಲ್ಲ ಕೇಳುತ್ತಾರೆಂದು ಲೆಕ್ಕ ಹಾಕಿಕೊಂಡು ಹೋದವನು ನಾನು. ಕುತ್ತಿಗೆಯ ಪ್ರಶ್ನೆಗೆ ತಬ್ಬಿಬ್ಬಾದೆ.

ವಿಟ್ಲದ ಕಡೆಯ ಒಂದು ಒಳರಸ್ತೆಯಲ್ಲಿ, ಹಲಸಿನ ಮರದ ಬುಡಕ್ಕೆ ತಗಡಿನ ಮಾಡು ಇಳಿಸಿದ ಕಮ್ಮಾರಸಾಲೆ ಅವರದು. “ಹೆಸರು ಗಿಸರು ಹಾಕಬೇಡಿ ಮಾರಾಯ್ರೇ. ಮತ್ತೆ ಫೋನು ನಿಲ್ಲುವುದಿಲ್ಲ, ನನಗಿರುವುದು ಎರಡೇ ಕೈ” ಎಂದು ಮೊದಲೇ ಕರಾರು ಮಾಡಿಕೊಂಡರು. ಹಾಗಾಗಿ ಈ ಲೇಖನದುದ್ದಕ್ಕೂ ಅವರು ಬರೀ ಆಚಾರ್ರು.

ನಾನು ಹೋದದ್ದು ಕಾರ್ಬನ್ ಫೈಬರ್ ದೋಟಿಯ ಬಗ್ಗೆ ಬರೆಯಲು. ಕರಾವಳಿ, ಮಲೆನಾಡಿನ ಅಡಿಕೆ ತೋಟಗಳಲ್ಲಿ ಈಗ ಅದರದ್ದೇ ಮಾತು. ಒಂದರೊಳಗೊಂದು ಕೂರುವ ಕೊಳವೆಗಳು. ಎಳೆದು ಬಿಗಿ ಮಾಡಿದರೆ 60 ಅಡಿ, 70 ಅಡಿ, ಅದಕ್ಕೂ ಮೇಲೆ. ಮರ ಹತ್ತದೆ, ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಮದ್ದು ಹೊಡೆಯಬಹುದು. ನಾನು ಹಿಡಿದು ನೋಡಿದ 60 ಅಡಿಯ ದೋಟಿ ನಾಲ್ಕು ಕಿಲೋ ಆಸುಪಾಸು ಇತ್ತು. ಬೆಲೆ ಕೇಳಿದರೆ ಮಾತ್ರ ಸಣ್ಣ ತೋಟದವರು ಒಮ್ಮೆ ಕೂತು ನೀರು ಕುಡಿಯಬೇಕು.

ಆದರೆ ಕುಲುಮೆಯೊಳಗೆ ಕಾಲಿಟ್ಟ ಮೇಲೆ ಕೊಳವೆಯ ವಿಷಯ ನನಗೆ ಅರ್ಧ ಮರೆತೇಹೋಯಿತು. ಹೊಗೆ ಹಿಡಿದ ಗೋಡೆಗೆ ಅಡ್ಡಲಾಗಿ ಕಟ್ಟಿದ ತಂತಿಯಲ್ಲಿ ದೋಟಿಯ ತಲೆಗಳು ಸಾಲಾಗಿ ನೇತಾಡುತ್ತಿದ್ದವು. ಕೊಕ್ಕರೆಯ ಕತ್ತಿನಂತೆ ಬಾಗಿದ ಅಡಿಕೆ ಕತ್ತಿಗಳು, ಅಂಗೈ ಅಗಲದ ಉಳಿಗಳು, ಗರಗಸದ ಹಲ್ಲಿನವು, ಬಲೆ ಕಟ್ಟಲು ಬಳೆಯಂಥದ್ದು, ಮದ್ದು ಸಿಂಪಡಿಸಲು ಎರಡು ಮೂಗಿನ ಹಿತ್ತಾಳೆಯದು. ರೂಪ ಬೇರೆ ಬೇರೆಯಾದರೂ ಬುಡ ಎಲ್ಲದಕ್ಕೂ ಒಂದೇ. ಯಾವುದನ್ನು ಬೇಕಾದರೂ ತೆಗೆದು ಅದೇ ದೋಟಿಗೆ ಸಿಕ್ಕಿಸಬಹುದು.

“ಕೋಲು ಫ್ಯಾಕ್ಟರಿಯಿಂದ ಬರುತ್ತದೆ. ಅದು ನನ್ನಿಂದ ಆಗುವ ಕೆಲಸವಲ್ಲ. ತಲೆ ಮಾತ್ರ ಇಲ್ಲಿ” ಎಂದು ಆಚಾರ್ರು ಅಡಿಗಲ್ಲನ್ನು ತಟ್ಟಿದರು.

ಆ ಬುಡದ ಕಥೆಯನ್ನು ಅವರು ಹೇಳಿದ ರೀತಿಯಲ್ಲೇ ಹೇಳುತ್ತೇನೆ. ಬಿದಿರಿನ ದೋಟಿಯ ಕಾಲದಲ್ಲಿ ತಲೆ ಬದಲಿಸುವ ಪ್ರಶ್ನೆಯೇ ಇರಲಿಲ್ಲ. ಒಂದು ಮೊಳೆ, ನಾಲ್ಕು ಸುತ್ತು ತಂತಿ, ಮುಗಿಯಿತು. ಮಾವಿಗೊಂದು, ತೆಂಗಿಗೊಂದು ಎಂದು ಪ್ರತಿ ಮನೆಯ ಮಾಡಿನಡಿ ಎರಡು ಮೂರು ದೋಟಿ ಮಲಗಿರುತ್ತಿದ್ದವು. ಬಿದಿರೇನು, ಗುಡ್ಡೆಗೆ ಹೋದರೆ ಸಿಗುತ್ತಿತ್ತು. ದುಬಾರಿ ದೋಟಿ ಬಂದ ಮೇಲೆ ಹಾಗಲ್ಲ. ಅಷ್ಟು ಕೊಟ್ಟು ತಂದದ್ದು ವರ್ಷಕ್ಕೆ ಮೂರೋ ನಾಲ್ಕೋ ಕೊಯ್ಲಿಗೆ ಮಾತ್ರ ಆದರೆ ಯಾರಿಗೆ ಪೂರೈಸುತ್ತದೆ?

ಏಳೆಂಟು ವರ್ಷದ ಹಿಂದೆ ಯಾರೋ ಮುರಿದ ಕತ್ತಿ ತಂದರಂತೆ. ದೋಟಿಯ ಜೊತೆ ಬಂದದ್ದು, ಅಚ್ಚಿನಲ್ಲಿ ಒತ್ತಿದ್ದು. ಆಚಾರ್ರು ಮೊದಲು ಮಾಡಿಕೊಟ್ಟದ್ದು ತಿರುಪಿನ ಬುಡ. ಪೇಟೆಯ ಲೇತಿನಲ್ಲಿ ತಿರುಪಿನ ಗೆರೆ ಕೊರೆಸಿದ್ದರು. ಒಂದು ಮಳೆಗಾಲ ಕಳೆಯುವುದರೊಳಗೆ ಸಿಂಪಡಿಸುವ ಮದ್ದಿನ ಸುಣ್ಣ ಹೊಕ್ಕು ಕಚ್ಚಿಕೊಂಡಿತು. (ನನಗೂ ಇದು ಗೊತ್ತು. ಹಿಂದೊಮ್ಮೆ ನಾನು ಕೊಂಡ ಅಲ್ಯೂಮಿನಿಯಂ ದೋಟಿಯ ತಿರುಪು ಹೀಗೇ ಹಿಡಿದುಕೊಂಡು, ಇಬ್ಬರು ಎರಡು ಕಡೆ ಹಿಡಿದು ತಿರುಗಿಸಿದಾಗ ಕೊಳವೆಯೇ ಹಿಂಡಿದ ಬಟ್ಟೆಯಂತಾಯಿತು. ಅಂಗಡಿಯವರು ಅದನ್ನು ನೋಡಿ ನಕ್ಕದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.)

ಎರಡನೆಯದಕ್ಕೆ ತಿರುಪು ಬಿಟ್ಟು ಗುದ್ದಲಿಯ ಲೆಕ್ಕ ಹಿಡಿದರು. ಕೊನೆ ಸಪೂರವಾದ ಬುಡ, ಒತ್ತಿ ಗುದ್ದಿದರೆ ಬಿಗಿ. ಗುದ್ದಲಿ, ಕೊಡಲಿಗಳಲ್ಲಿ ಪ್ರತಿ ಏಟಿಗೂ ಕಾವು ಇನ್ನಷ್ಟು ಬಿಗಿಯಾಗುತ್ತದೆ. ದೋಟಿಯಲ್ಲಿ ಎಲ್ಲ ತಿರುವುಮುರುವು. ಕತ್ತಿಯನ್ನು ಗೊನೆಯ ತೊಟ್ಟಿನ ಮೇಲಿಟ್ಟು ಕೆಳಗೆ ಎಳೆಯಬೇಕು. ಪ್ರತಿ ಎಳೆತವೂ ತಲೆಯನ್ನು ಕೋಲಿನಿಂದ ಕೀಳುವ ಎಳೆತವೇ. ಐವತ್ತು ಅಡಿ ಮೇಲಿಂದ ಒಂದು ದಿನ ಕತ್ತಿ ಕಳಚಿ ಬಂತು. ಬಲೆ ಹಿಡಿದು ನಿಂತ ಹೆಂಗಸಿನ ಕಾಲಿನಿಂದ ಒಂದು ಗೇಣು ದೂರದಲ್ಲಿ ಮಣ್ಣಿಗೆ ನೆಟ್ಟಿತು.

“ಆ ರಾತ್ರಿ ನನಗೆ ಊಟ ಸೇರಲಿಲ್ಲ” ಎಂದರು. ಸ್ವಲ್ಪ ಹೊತ್ತು ತಿದಿಯ ಫ್ಯಾನು ಮಾತ್ರ ಸದ್ದು ಮಾಡುತ್ತಿತ್ತು.

ಪರಿಹಾರ ಸಿಕ್ಕಿದ್ದು ಎರಡು ಹಳೆಯ ಸಾಮಾನುಗಳಲ್ಲಿ: ಒಂದು ಹರಿದ ಕೊಡೆ, ಇನ್ನೊಂದು ಬಲ್ಬಿನ ಹೋಲ್ಡರು. ನಮ್ಮ ಹಳೆ ಬಲ್ಬಿಗೆ ಎರಡು ಕಿವಿ ಇರುತ್ತವಲ್ಲ, ಒತ್ತಿ ತಿರುಗಿಸಿದರೆ ಹೋಲ್ಡರಿನ ಕಚ್ಚಿನೊಳಗೆ ಸಿಕ್ಕಿ ನಿಲ್ಲುತ್ತವೆ. ಆಚಾರ್ರ ತಲೆಯ ಬುಡಕ್ಕೂ ಎರಡು ಕಿವಿ. ಕೊಳವೆಯ ಬಾಯಲ್ಲಿ ಅದಕ್ಕೆ ಸರಿಯಾಗಿ ಎರಡು ತಿರುವಿದ ಕಚ್ಚು. ಎಳೆತದ ಭಾರವನ್ನೆಲ್ಲ ಆ ಕಿವಿಗಳೇ ಹೊರುತ್ತವೆ. ತಾನಾಗಿ ಹಿಂದಕ್ಕೆ ತಿರುಗಿ ಕಳಚದಂತೆ ಕಾಯುವುದು ಕೊಡೆಯ ಗುಂಡಿ: ಒಳಗಿನಿಂದ ಚಿಮ್ಮಿ ತೂತಿನಲ್ಲಿ ಕೂರುವ ಚೂರು. ಕೊಡೆಯ ಸ್ಪ್ರಿಂಗು ಬಲ ಸಾಲದೆ, ಕೀಲಿ ಕೊಡುವ ಹಳೆ ಗೋಡೆ ಗಡಿಯಾರದ ಸ್ಪ್ರಿಂಗನ್ನು ಕತ್ತರಿಸಿ ಬಾಗಿಸಿದರು. ನನ್ನ ಕೈಗೆ ಒಂದು ತಲೆ ಕೊಟ್ಟು ಹಾಕಿಸಿದರು. ಒತ್ತು, ತಿರುಗಿಸು, ಟಿಕ್. ತೆಗೆಯಲು ಹೆಬ್ಬೆರಳು ಸಾಕು. ಆ ‘ಟಿಕ್’ ಕೇಳದೆ ದೋಟಿ ಎತ್ತಬಾರದು ಎಂಬುದು ಅವರು ಗಿರಾಕಿಗಳಿಗೆ ಕೊಡುವ ಏಕೈಕ ಬೋಧನೆ.

ಕೊಳವೆಗೂ ಲೋಹದ ಬಾಯಿಗೂ ನಡುವೆ ನೈಲಾನಿನ ತೆಳು ಒರೆಯೊಂದಿದೆ. ಮೊದಲು ಅದಿರಲಿಲ್ಲ. ಒಂದು ಮಳೆಗಾಲದ ಬಳಿಕ ಅಲ್ಯೂಮಿನಿಯಂ ಬಳೆಯಲ್ಲಿ ಬಿಳಿ ಹುಡಿ ಎದ್ದು ಬಂತಂತೆ. ಕಾರ್ಬನ್ನಿಗೆ ತಾಗಿದ ಅಲ್ಯೂಮಿನಿಯಂ ಒದ್ದೆಯಲ್ಲಿ ಬೇಗ ಸವೆಯುತ್ತದೆ. ಬ್ಯಾಟರಿಯೊಳಗೆ ನಡೆಯುವಂಥದೇ ವ್ಯಾಪಾರ. ಆಚಾರ್ರು ಅದನ್ನು ಓದಿದವರಲ್ಲ. “ಅವೆರಡಕ್ಕೆ ಆಗಿಬರುವುದಿಲ್ಲ, ನಡುವೆ ಗೋಡೆ ಬೇಕು” ಎಂದಷ್ಟೇ ಅವರ ತೀರ್ಪು.

ಇನ್ನು ತೂಕ. ಕುಲುಮೆಯ ಮೂಲೆಯಲ್ಲಿ ಅಡುಗೆಮನೆಯ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಕಂಡು ನಗು ಬಂತು. ಯಾವ ತಲೆಯೂ 200 ಗ್ರಾಂ ದಾಟಬಾರದು ಎಂಬ ಹಟ ಅವರದು. ಲೆಕ್ಕ ನೋಡಿದರೆ ನಗುವ ಮಾತಲ್ಲ. 60 ಅಡಿ ಎಂದರೆ 18 ಮೀಟರ್ ಚಿಲ್ಲರೆ. ದೋಟಿ ವಾಲಿದಾಗ ತುದಿಯ ಪ್ರತಿ 100 ಗ್ರಾಂ, ಬುಡದಿಂದ ಒಂದು ಮೀಟರ್ ಮೇಲೆ 1.8 ಕಿಲೋ ಕಟ್ಟಿದಷ್ಟು ಜಗ್ಗುತ್ತದೆ. ಎಲ್ಲ ತಲೆಗಳೂ ಹೆಚ್ಚುಕಡಿಮೆ ಒಂದೇ ತೂಕದಲ್ಲಿದ್ದರೆ ಇನ್ನೊಂದು ಲಾಭ: ಬೆಳಿಗ್ಗೆ ಗೊನೆ ಕೊಯ್ದ ಕೈ ಮಧ್ಯಾಹ್ನ ಮಾವಿನ ಬಲೆ ಹಾಕಿದಾಗ ಹೊಸದಾಗಿ ಕಲಿಯಬೇಕಾಗಿಲ್ಲ.

ಕತ್ತಿಗೆ ಬೇಕಾದ ಉಕ್ಕು ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟಿನದು. ಕಾಯಿಸುವುದು, ಬಡಿಯುವುದು, ನೀರಿಗೆ ಅದ್ದುವುದು ಎಲ್ಲ ಕಮ್ಮಾರಸಾಲೆಗಳಲ್ಲಿ ನಡೆಯುವಂತೆಯೇ. ಕೊನೆಯ ಹದ ಮಾತ್ರ ನೋಡುವಂಥದ್ದು. ಅದ್ದಿ ತೆಗೆದ ಕತ್ತಿಯನ್ನು ಉಜ್ಜಿ ಬೆಳ್ಳಗೆ ಮಾಡಿ ಬೆಂಕಿಯ ಅಂಚಿಗೆ ಹಿಡಿಯುತ್ತಾರೆ. ಬೆನ್ನಿನ ಕಡೆಯಿಂದ ಬಣ್ಣ ಹರಿದು ಬರುತ್ತದೆ: ಒಣಹುಲ್ಲಿನ ಹಳದಿ, ಕಂದು, ಆಮೇಲೆ ನೇರಳೆ. ಬಾಯಿಗೆ ಹುಲ್ಲಿನ ಬಣ್ಣ ತಲುಪಿದ ಕ್ಷಣಕ್ಕೆ ಮತ್ತೆ ನೀರು. ಬೆನ್ನು ಆಗ ನೇರಳೆಯಲ್ಲಿರುತ್ತದೆ. ಬಾಯಿ ಗಟ್ಟಿ, ಬೆನ್ನು ಬಾಗುವಂಥದ್ದು.

ಈಗ ಕುತ್ತಿಗೆ ನೋವಿಗೆ ಬರೋಣ. ಅಡಿಕೆಯ ಗೊನೆ ಮರಕ್ಕೆ ಒತ್ತಿಕೊಂಡೇ ಹುಟ್ಟುತ್ತದೆ. ಹಣ್ಣಾದದ್ದು ಕೆಳಗೆ, ಎಳೆಯದು ಅದರ ಮೇಲೆ, ಇನ್ನೂ ಮೇಲೆ ಹಿಂಗಾರ. ಕತ್ತಿಯ ತುದಿ ತೊಟ್ಟಿಗೂ ಮರಕ್ಕೂ ನಡುವಿನ ಬೆರಳಗಲದ ಸಂದಿಗೆ ಹೊಗಬೇಕು, ಮೇಲಿನದಕ್ಕೆ ತಾಗಬಾರದು. ಬುಡದಿಂದ ಆರು ಅಡಿ ದೂರ ನಿಂತರೆ 60 ಅಡಿಯ ದೋಟಿ ಸುಮಾರು 6 ಡಿಗ್ರಿ ವಾಲುತ್ತದೆ. ಹನ್ನೆರಡು ಅಡಿ ದೂರಕ್ಕೆ 11 ದಾಟುತ್ತದೆ. ಕುತ್ತಿಗೆ ನೋವಿನವನು ತಲೆ ಪೂರ್ತಿ ಹಿಂದಕ್ಕೆ ಮಡಚಲಾರ, ದೂರ ನಿಲ್ಲುತ್ತಾನೆ. “ಅವನ ಕುತ್ತಿಗೆ ಬಗ್ಗದಿದ್ದರೆ ಕತ್ತಿಯ ಕುತ್ತಿಗೆ ಬಗ್ಗಿಸಬೇಕು, ಅಷ್ಟೇ.” ಕುತ್ತಿಗೆಯ ಬಾಗು ಮೂರು ಬಗೆಯದು ಮಾಡಿಟ್ಟಿದ್ದಾರೆ. ಗಿರಾಕಿಯನ್ನು ಹಲಸಿನ ಮರದ ಕೆಳಗೆ ನಿಲ್ಲಿಸಿ, ಮೇಲೆ ನೋಡಲು ಹೇಳಿ, ಅವನ ಕಾಲು ತಾನಾಗಿ ಎಲ್ಲಿಗೆ ಸರಿಯುತ್ತದೆ ನೋಡುತ್ತಾರೆ. ನನಗೆ ಸಿಕ್ಕಿದ್ದು ಮೂರನೆಯ ಬಾಗು. ವಯಸ್ಸಾಯಿತು ಎಂದು ಇಷ್ಟು ಮರ್ಯಾದೆಯಿಂದ ಯಾರೂ ಹೇಳಿರಲಿಲ್ಲ.

ಕೊಕ್ಕೋದ ತಲೆಯದು ಇನ್ನೊಂದೇ ತರ್ಕ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆಯ ನೆರಳಿನಲ್ಲಿ ಕೊಕ್ಕೋ ಬೆಳೆಯುವುದು ಇಲ್ಲಿ ಹೊಸತೇನಲ್ಲ. ಆದರೆ ಕೊಕ್ಕೋ ಕಾಯಿಯನ್ನು ಎಳೆದು ಕೀಳಬಾರದು. ತೊಟ್ಟು ಹುಟ್ಟುವ ಗಂಟಿನಲ್ಲೇ ಮುಂದಿನ ಹೂವೂ ಬರುತ್ತದೆ, ಅದು ಸಿಗಿದರೆ ಮುಂದೆ ಆ ಜಾಗ ಬರಡು. ಅದಕ್ಕೇ ಎಳೆಯುವ ಕತ್ತಿಯ ಬದಲು ತಳ್ಳುವ ಉಳಿ.

ಮದ್ದಿನ ತಲೆಯ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ. ನಮ್ಮ ಮನೆಯ ಅಜ್ಜ ಹೇಳುತ್ತಿದ್ದುದನ್ನೂ ಪುಸ್ತಕದಲ್ಲಿ ಸಿಕ್ಕಿದ್ದನ್ನೂ ಸೇರಿಸಿ ಚುಟುಕಾಗಿ ಹೇಳುವುದಾದರೆ: ಮಳೆಗಾಲದ ಕೊಳೆರೋಗಕ್ಕೆ ಮಲೆನಾಡಿನವರು ಕಂಡುಕೊಂಡ ಉಪಾಯ ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುವುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ರೋಗದ ಮೂಲ ಹುಡುಕಿ, 1910ರಲ್ಲಿ ಅದರ ಬಗ್ಗೆ ಬರೆದರು; ಬೋರ್ಡೋ ದ್ರಾವಣ ತೋಟಗಳಿಗೆ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಕೆಳಗೊಬ್ಬ ಗಟಾರು ಪಂಪು ಜಗ್ಗುವವ, ಮೇಲೊಬ್ಬ ಕಾಲಿಗೆ ತಳೆ ಹಾಕಿ ಹತ್ತಿದವ. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುತ್ತಿದ್ದ ಆ ಜಾಣರನ್ನು ಈಗ ಹುಡುಕಿಕೊಂಡು ಹೋಗಬೇಕು. ಬಿದ್ದು ಬೆನ್ನು ಮುರಿದುಕೊಂಡವರು ಪ್ರತಿ ಊರಲ್ಲೂ ಇರುವಾಗ, ಅವರ ಮಕ್ಕಳು ಹತ್ತಲೊಲ್ಲೆ ಎಂದರೆ ತಪ್ಪು ಹೇಳುವ ಬಾಯಿ ನನಗಿಲ್ಲ.

ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೇ ಮದ್ದಿನ ತಲೆ ಹಿತ್ತಾಳೆಯದು. ವಿಚಿತ್ರವೆಂದರೆ ಅದೇ ಗುಣವನ್ನು ರೈತರು ಪರೀಕ್ಷೆಗೂ ಬಳಸುತ್ತಾರೆ. ಕಲಸಿದ ದ್ರಾವಣಕ್ಕೆ ಹೊಳೆಯುವ ಕತ್ತಿ ಅದ್ದಿ ನೋಡುವುದು. ಕೆಂಪಗೆ ತಾಮ್ರ ಅಡರಿದರೆ ಸುಣ್ಣ ಸಾಲದು ಎಂದರ್ಥ. ಆಚಾರ್ರ ಅಡಿಕೆ ಕತ್ತಿಗಳಲ್ಲಿ ಕೆಲವು ದುರಸ್ತಿಗೆ ಬರುವಾಗ ಮೂತಿ ಕೆಂಪಾಗಿರುತ್ತದೆ. “ಇವರು ಅಳೆದು ಹಾಕುವವರಲ್ಲ” ಎಂದು ಗಿರಾಕಿಯ ಜಾತಕವನ್ನೇ ಓದುತ್ತಾರೆ.

ದೋಟಿಯನ್ನು ಹೊಗಳುವಾಗ ಒಂದು ಮಾತು ನುಂಗಬಾರದು. ಅಲ್ಯೂಮಿನಿಯಂ ದೋಟಿ ಕರೆಂಟು ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಕಾರ್ಬನ್ ಫೈಬರ್ ಪ್ಲಾಸ್ಟಿಕ್ಕಿನಂತೆ ಕಂಡರೂ ಅದರಲ್ಲೂ ವಿದ್ಯುತ್ ಹರಿಯುತ್ತದೆ. ಗ್ಲಾಸ್ ಫೈಬರಿನಲ್ಲಿ ಹರಿಯದು. ಹಿಡಿಯುವ ಭಾಗ ಗ್ಲಾಸ್ ಫೈಬರಿನದೇ ಎಂದು ಕೇಳಿ ಕೊಳ್ಳಬೇಕು. ಹಾಗಿದ್ದರೂ ಒದ್ದೆ ದೋಟಿಯನ್ನು ತಂತಿಯ ಹತ್ತಿರ ಒಯ್ಯಬಾರದು. ತೋಟದ ನೆತ್ತಿಯ ಮೇಲೆ ತಂತಿ ಎಳೆದವರನ್ನು ಯಾರು ಕೇಳಬೇಕು ಎಂಬುದು ಬೇರೆ ಪ್ರಶ್ನೆ.

ವಿಟ್ಲದ ಸಂಶೋಧನಾ ಕೇಂದ್ರದವರು ಹಿರೇಹಳ್ಳಿಯ ಗಿಡ್ಡ ತಳಿಯನ್ನು ಕೂಡಿಸಿ ಮರವನ್ನೇ ಕುಳ್ಳು ಮಾಡಿದ್ದಾರೆ. ಆ ತೋಟಗಳು ಹೆಚ್ಚಿದರೆ ನಿಮ್ಮ ಕಸುಬೇನಾದೀತು ಎಂದು ಕೇಳಿದೆ. “ಗಿಡ್ಡ ಮರಕ್ಕೂ ಕತ್ತಿ ಬೇಕಲ್ಲ?” ಎಂದು ನಕ್ಕರು.

ಹೊರಡುವಾಗ ತಂತಿಯ ಕೊನೆಯಲ್ಲಿ, ಉಳಿದವುಗಳಿಂದ ಸ್ವಲ್ಪ ಸರಿದು ನೇತಾಡುತ್ತಿದ್ದ ಕತ್ತಿಯೊಂದನ್ನು ಮುಟ್ಟಿದೆ. ಮೈಯೆಲ್ಲ ಎಣ್ಣೆ. ಬುಡಕ್ಕೆ ಸುತ್ತಿದ ಬಟ್ಟೆಚೂರಿನಲ್ಲಿ ಪೆನ್ನಿನಿಂದ ಬರೆದ ಫೋನ್ ನಂಬರು ಮಾಸಿತ್ತು. ಸುಳ್ಯದ ಕಡೆಯವರೊಬ್ಬರು ಹೇಳಿ ಮಾಡಿಸಿದ್ದಂತೆ, ಮುಂಗಡವನ್ನೂ ಕೊಟ್ಟಿದ್ದರಂತೆ. ಅಷ್ಟರಲ್ಲಿ ಹಳದಿ ಎಲೆ ರೋಗ ತೋಟಕ್ಕೆ ನುಗ್ಗಿತು. ಒಂದು ಮಳೆಗಾಲಕ್ಕೆ ಎರಡು ಸಾಲು, ಮರು ವರ್ಷ ಅರ್ಧ ತೋಟ. ಕೊಯ್ಯಲು ಗೊನೆಯೇ ಉಳಿಯಲಿಲ್ಲ, ಕತ್ತಿ ಒಯ್ಯಲು ಯಾರೂ ಬರಲಿಲ್ಲ.

“ಹಾಗಾದರೆ ಬೇರೆಯವರಿಗೆ ಕೊಡಬಹುದಲ್ಲ ಆಚಾರ್ರೇ? ಬುಡ ಎಲ್ಲದಕ್ಕೂ ಒಂದೇ ಎಂದಿರಿ.”

“ಬುಡ ಒಂದೇ” ಎಂದರು. “ಕುತ್ತಿಗೆಯ ಬಾಗು ಅವರದ್ದು.”

ಮತ್ತೆ ಅದನ್ನು ತಂತಿಗೆ ಸಿಕ್ಕಿಸಿ, ಎಣ್ಣೆಯಾದ ಬೆರಳನ್ನು ಲುಂಗಿಗೆ ಒರೆಸಿಕೊಂಡರು.