ನಿಮಗಿದು ಗೊತ್ತೇ? ಕೂಪನ್ ಕೋಡಿನ ಕರಾಮತ್ತು!

ಸಿಂಧನೂರಿನ ಅಂಗಡಿ ಮುಂದೆ ನಿಂತೇ ಮೊಬೈಲಿನಲ್ಲಿ ಕೂಪನ್ ಹುಡುಕುವ ಕಾಲ ಇದು. ಲಿಂಗಸುಗೂರು, ಮಸ್ಕಿಯ ಓಣಿಗಳಲ್ಲೂ ಡೆಲಿವರಿ ಹುಡುಗರ ಬೈಕು ಹಾರ್ನ್ ಹೊಡೆಯುತ್ತದೆ. ಅದೆಲ್ಲ ಸರಿ, ಈ ಕೂಪನ್ ಸೈಟುಗಳು ಖರೇನೇ ನಮ್ಮ ದುಡ್ಡು ಉಳಿಸುತ್ತವೆಯೇ? ಒಂದೊಂದಾಗಿ ನೋಡೋಣ ಬನ್ನಿ!

ಕೂಪನ್ ಎಂಬ ಹೆಸರಿನಲ್ಲೇ ಕತ್ತರಿ ಇದೆ! ‘ಕತ್ತರಿಸು’ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಹುಟ್ಟಿದ ಪದ ಅದು. ಹಿಂದೆ ಸಾಲಪತ್ರದ ಅಂಚಿನಲ್ಲಿ ಚೀಟಿಗಳನ್ನು ಅಚ್ಚು ಹಾಕುತ್ತಿದ್ದರು. ಒಂದೊಂದೇ ಕತ್ತರಿಸಿ ಕೊಟ್ಟರೆ ಬಡ್ಡಿ ಕೈಗೆ ಬರುತ್ತಿತ್ತು. ಇಂದಿಗೂ ಬಾಂಡಿನ ಬಡ್ಡಿಗೆ ‘ಕೂಪನ್’ ಅಂತಲೇ ಹೆಸರು. ಈಗ ಕತ್ತರಿ ಬೀಳುತ್ತಿರುವುದು ಯಾರ ಜೇಬಿಗೆ? ತಾಳಿ, ಹೇಳುತ್ತೇವೆ!

ಕೋಕಾ-ಕೋಲಾ ಊರೂರಿಗೆ ಹಬ್ಬಿದ್ದೇ ಪುಕ್ಕಟೆ ಚೀಟಿಯಿಂದ! 1880ರ ದಶಕದ ಕೊನೆಗೆ ಅಮೆರಿಕದಲ್ಲಿ ‘ಈ ಚೀಟಿ ತಂದವರಿಗೆ ಒಂದು ಗ್ಲಾಸು ಫ್ರೀ’ ಎಂದು ಹಂಚತೊಡಗಿದರು. 1894ರಿಂದ 1913ರೊಳಗೆ ಸುಮಾರು 85 ಲಕ್ಷ ಗ್ಲಾಸು ಹೀಗೇ ಖಾಲಿಯಾಯಿತು ಎಂಬುದು ಅಂದಾಜು. ಒಂಬತ್ತು ಅಮೆರಿಕನ್ನರಲ್ಲಿ ಒಬ್ಬರು ಪುಕ್ಕಟೆ ಕುಡಿದ ಲೆಕ್ಕ! ಎರಡನೇ ಗ್ಲಾಸಿಗೆ ಮಾತ್ರ ದುಡ್ಡು!

‘ಫಸ್ಟ್ ಆರ್ಡರ್’ ಕೂಪನ್ ನಮ್ಮ ಸಂತೆಗೆ ಹೊಸದೇನಲ್ಲ! ಬೆಳಿಗ್ಗೆ ಹೋಗಿ ನೋಡಿ. ‘ಬೋಣಿಗಿ ಹೊತ್ತು ಐತ್ರಿ, ಬರಿಗೈಲೆ ಹೋಗಬ್ಯಾಡ್ರಿ’ ಎಂದು ವ್ಯಾಪಾರಿಯೇ ರೇಟು ಇಳಿಸುತ್ತಾನೆ. ಆ್ಯಪು ನಿಮ್ಮ ಮೊದಲ ಖರೀದಿಗೆ ಬಿಡುತ್ತದೆ. ಸಂತೆಯವನು ತನ್ನ ಮೊದಲ ಮಾರಾಟಕ್ಕೆ ಬಿಡುತ್ತಾನೆ. ಆ್ಯಪಿನಲ್ಲಿ ನೀವು ಹೊಸಬರಾಗುವುದು ಒಂದೇ ಸಲ. ಸಂತೆಯಲ್ಲಿ ದಿನಾ ಬೆಳಿಗ್ಗೆ ಹೊಸಬರು!

ಫ್ಲಿಪ್‌ಕಾರ್ಟಿನ ಮೊಟ್ಟಮೊದಲ ಗಿರಾಕಿ ನಮ್ಮ ಪಕ್ಕದವರು! 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಂಗಡಿಗೆ ಮೊದಲ ಆರ್ಡರ್ ಬಂದಿದ್ದು ಮಹಬೂಬ್‌ನಗರದಿಂದ. ಆಗ ಅದು ಆಂಧ್ರದಲ್ಲಿತ್ತು, ಈಗ ತೆಲಂಗಾಣದಲ್ಲಿದೆ. ಆ ಜಿಲ್ಲೆ ಆಗ ರಾಯಚೂರು ಜಿಲ್ಲೆಯ ಗಡಿಗೆ ಹತ್ತಿದ ನೆರೆ. ಕೊಂಡಿದ್ದು ಒಂದೇ ಒಂದು ಪುಸ್ತಕ! 2024ರಲ್ಲಿ ಸಿಂಧನೂರಿಗೆ ರೈಲು ಬಂತಲ್ಲ, ಆ ಮಾರ್ಗವೂ ಮುಂದೆ ಮುಟ್ಟಬೇಕಾದ ಊರು ಅದೇ ಮಹಬೂಬ್‌ನಗರ!

ಕೂಪನ್ ಕೋಡಿಗಿಂತ ದೊಡ್ಡ ಕೋಡು ಒಂದಿದೆ. ಪಿನ್ ಕೋಡು! 1972ರ ಆಗಸ್ಟ್ 15ರಂದು ಶುರುವಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರಕ್ಕೂ ಮೊದಲ ಮೂರು ಅಂಕಿ 584. ಕೂಪನ್ ಹಾಕಿದಿರಿ, ಬೆಲೆ ಇಳಿಯಿತು, ಮನಸ್ಸು ಕುಣಿಯಿತು. ಪಿನ್ ಹಾಕಿದಿರಿ, ‘ಈ ವಿಳಾಸಕ್ಕೆ ಲಭ್ಯವಿಲ್ಲ’ ಎಂದಿತು! ಅದಕ್ಕೇ ಮೊದಲು ಪಿನ್, ಆಮೇಲೆ ಕೂಪನ್!

ಸ್ನ್ಯಾಪ್‌ಡೀಲ್ ನೆನಪಿದೆಯೇ? ಅದನ್ನು ಕಟ್ಟಿದವರು ಮೊದಲು ಮಾರಿದ್ದು ಕೂಪನ್ ಪುಸ್ತಕ! ನಮ್ಮ ಶಾಲೆಯ ರಸೀದಿ ಪುಸ್ತಕದ ಹಾಗೆ, ಹರಿದು ಕೊಡುವ ಚೀಟಿಗಳು. 2010ರಲ್ಲಿ ಅದು ದಿನಕ್ಕೊಂದು ಡೀಲ್ ಕೊಡುವ ಸೈಟಾಯಿತು. ಆಮೇಲೆ ದೊಡ್ಡ ಆನ್‌ಲೈನ್ ಅಂಗಡಿಯಾಯಿತು!

ಉಳ್ಳಾಗಡ್ಡಿಗೂ ಕೂಪನ್ ಇತ್ತು ಅಂದರೆ ನಂಬುತ್ತೀರಾ? 2013ರ ಸೆಪ್ಟೆಂಬರಿನಲ್ಲಿ ಉಳ್ಳಾಗಡ್ಡಿ ರೇಟು ಕಣ್ಣೀರು ತರಿಸುತ್ತಿತ್ತು. ಆಗ ಗ್ರೂಪನ್ ಇಂಡಿಯಾ ಎಂಬ ಡೀಲ್ ಸೈಟು ಕಿಲೋಗೆ 9 ರೂಪಾಯಿ ಎಂದು ಆಫರ್ ಬಿಟ್ಟಿತು. ಮೊದಲ ದಿನದ 3,000 ಕಿಲೋ ಖಾಲಿಯಾಗಲು ಹಿಡಿದದ್ದು 44 ನಿಮಿಷ. ನೂಕುನುಗ್ಗಲು ತಾಳದೆ ಸೈಟೇ ಕುಸಿದು ಕೂತಿತು!

ಈಗ ಗುಟ್ಟಿನ ಮಾತು. ಕೂಪನ್ ಸೈಟು ನಿಮ್ಮಿಂದ ಒಂದು ಪೈಸೆಯನ್ನೂ ಕೇಳುವುದಿಲ್ಲ. ಹಾಗಾದರೆ ಅದರ ಹೊಟ್ಟೆ ತುಂಬುವುದು ಹೇಗೆ? ನೀವು ‘ಕೋಡ್ ತೋರಿಸು’ ಒತ್ತಿದಾಗ ಪಕ್ಕದಲ್ಲಿ ಅಂಗಡಿಯ ಪುಟ ತಾನೇ ತೆರೆದುಕೊಳ್ಳುತ್ತದಲ್ಲ? ಅಲ್ಲೇ ಇದೆ ಮಸಲತ್ತು! ‘ಈ ಗಿರಾಕಿಯನ್ನು ಕಳಿಸಿದ್ದು ನಾನೇ’ ಎಂದು ಆ ಒತ್ತು ಗುರುತು ಹಾಕುತ್ತದೆ. ನೀವು ಕೊಂಡರೆ ಸೈಟಿಗೆ ಕಮಿಷನ್. ದಲ್ಲಾಳಿ ಇಲ್ಲದ ವ್ಯಾಪಾರ ಎಲ್ಲಿದೆ ಹೇಳಿ!

ಆ ಗುರುತಿನ ಹೆಸರು ಕುಕಿ. ಹೌದು, ತಿನ್ನುವ ಬಿಸ್ಕತ್ತಿನ ಹೆಸರೇ! 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬಾತ ಇದನ್ನು ಬ್ರೌಸರಿಗೆ ತಂದ. ನಿಮ್ಮ ಬುಟ್ಟಿಯಲ್ಲಿ ಏನಿದೆ ಎಂದು ನೆನಪಿಡಲು ಹುಟ್ಟಿದ ಉಪಾಯವದು. ಈಗ ನಿಮ್ಮನ್ನೇ ನೆನಪಿಡುತ್ತದೆ!

ಕೋಡೇ ಇಲ್ಲದ ಕೂಪನ್ ಕೂಡ ಇದೆ! ಸೈಟಿನಲ್ಲಿ ‘ಡೀಲ್ ಪಡೆಯಿರಿ’ ಎಂಬ ಬಟನ್ ನೋಡಿರುತ್ತೀರಿ. ಒತ್ತಿದರೆ ಯಾವ ಕೋಡೂ ಬರುವುದಿಲ್ಲ. ಎಷ್ಟೋ ಸಲ ಅಂಗಡಿ ಎಲ್ಲರಿಗೂ ಕೊಡುತ್ತಿರುವ ಆಫರೇ ಅಲ್ಲಿರುತ್ತದೆ. ನೇರ ಹೋಗಿದ್ದರೂ ಅದೇ ಬೆಲೆ! ನಿಮಗೆ ಸಿಕ್ಕಿದ್ದು ಸೊನ್ನೆ, ಸೈಟಿಗೆ ಸಿಕ್ಕಿದ್ದು ಕಮಿಷನ್!

ತಾನಾಗಿ ಕೂಪನ್ ಹುಡುಕಿಕೊಡುವ ‘ಹನಿ’ ಎಂಬ ಪುಕ್ಕಟೆ ತಂತ್ರಾಂಶವನ್ನು ಪೇಪಾಲ್ ಕಂಪನಿ ಕೊಂಡಿದ್ದು ಎಷ್ಟಕ್ಕೆ ಗೊತ್ತೇ? ಸುಮಾರು 400 ಕೋಟಿ ಡಾಲರಿಗೆ! ಈ ಸೌದಾ ಗೊತ್ತಾಗಿದ್ದು 2019ರಲ್ಲಿ. 2024ರ ಡಿಸೆಂಬರಿನಲ್ಲಿ ಒಬ್ಬ ಯೂಟ್ಯೂಬರ್, ಬೇರೆಯವರಿಗೆ ಸೇರಬೇಕಾದ ಕಮಿಷನ್ನನ್ನು ಅದು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ ಎಂದು ಆರೋಪಿಸಿದ. ಕೊನೆಯ ಒತ್ತಿಗೇ ಕಮಿಷನ್ ಎಂಬುದು ಈ ವ್ಯಾಪಾರದ ಪದ್ಧತಿ ಎಂದಿತು ಕಂಪನಿ. ಮಾತು ಕೋರ್ಟಿನವರೆಗೂ ಹೋಯಿತು!

ಕ್ಯಾಶ್‌ಬ್ಯಾಕ್ ಸೈಟು ಇನ್ನೂ ಮಜಾ. ತನಗೆ ಬಂದ ಕಮಿಷನ್ನಿನಲ್ಲಿ ಒಂದು ಪಾಲು ನಿಮಗೂ ಕೊಡುತ್ತದೆ. 2013ರಲ್ಲಿ ಶುರುವಾದ ಕ್ಯಾಶ್‌ಕರೋ ಅಂಥದ್ದು. 2016ರಲ್ಲಿ ಅದರಲ್ಲಿ ದುಡ್ಡು ಹೂಡಿದವರು ಯಾರು ಗೊತ್ತೇ? ಸಾಕ್ಷಾತ್ ರತನ್ ಟಾಟಾ!

ಲೆಕ್ಕದ ಮೇಷ್ಟ್ರನ್ನೇ ತಬ್ಬಿಬ್ಬು ಮಾಡುವ ಬೋರ್ಡು ಇದು: ‘50% + 50% ರಿಯಾಯಿತಿ’. ನೂರಕ್ಕೆ ನೂರು ಬಿಟ್ಟಿಯೇ? ಇಲ್ಲ! ಸಾವಿರ ರೂಪಾಯಿ ಮೊದಲು ಐನೂರಾಗುತ್ತದೆ. ಆ ಐನೂರರಲ್ಲಿ ಅರ್ಧ ಬಿಟ್ಟರೆ 250. ಅಲ್ಲಿಗೆ ರಿಯಾಯಿತಿ 75%. ‘20% + 10%’ ಅಂದರೆ 30 ಅಲ್ಲ, 28! ‘20% ಹೆಚ್ಚುವರಿ ಫ್ರೀ’ ಎಂಬ ಪ್ಯಾಕೆಟ್ ಇನ್ನೂ ಚಾಲಾಕು. ಅದರ ನಿಜವಾದ ರಿಯಾಯಿತಿ 17ಕ್ಕಿಂತ ಕಡಿಮೆ!

‘ವರೆಗೆ’ ಎಂಬ ಮೂರು ಅಕ್ಷರದ ತಾಕತ್ತು ನೋಡಿ. ‘50% ರಿಯಾಯಿತಿ, 100 ರೂಪಾಯಿವರೆಗೆ’. ಸಾವಿರದ ಸಾಮಾನಿಗೆ ಈ ಕೋಡು ಹಾಕಿದರೆ ಬಿಡುವುದು ನೂರೇ ರೂಪಾಯಿ. ಐವತ್ತು ಪರ್ಸೆಂಟು ಕಣ್ಣಮುಂದೆಯೇ ಹತ್ತಾಯಿತು!

ಲಿಂಗಸುಗೂರಿನ ನಮ್ಮ ಅತ್ತಿಗೆಗೆ ಬೇಕಾಗಿದ್ದು ಕುಕ್ಕರಿನ ರಬ್ಬರು. ಬೆಲೆ 120, ಡೆಲಿವರಿ 40. ‘499 ದಾಟಿದರೆ ಡೆಲಿವರಿ ಫ್ರೀ’ ಎಂದಿತು ಮೊಬೈಲು. ಬುಟ್ಟಿಗೆ ಎರಡು ಡಬ್ಬಿ ಬಿದ್ದವು. ಪಾತ್ರೆ ತಿಕ್ಕುವ ಬ್ರಷ್ ಬಿತ್ತು. ಮೊಬೈಲ್ ನಿಲ್ಲಿಸುವ ಸ್ಟ್ಯಾಂಡೂ ಬಿತ್ತು. ಬಿಲ್ಲು 512! ನಲವತ್ತು ಉಳಿಸಲು ಹೆಚ್ಚಿಗೆ ಕೊಟ್ಟದ್ದು 352! ‘ಡೆಲಿವರಿ ಅಂತೂ ಫ್ರೀ ಬಂತಲ್ರೀ’ ಅಂತ ಅತ್ತಿಗೆ ಇಂದಿಗೂ ಖುಷಿಯಾಗಿದ್ದಾರೆ!

ಚಿನ್ನದ ಕೂಪನ್ನಿಗೂ ಕಣ್ಣರಳಿಸಿ. ಹಟ್ಟಿ ಚಿನ್ನದ ಗಣಿ ಇರುವುದೇ ಲಿಂಗಸುಗೂರು ತಾಲೂಕಿನಲ್ಲಿ. ಆದರೂ ಇಲ್ಲಿನವರಿಗೆ ಚಿನ್ನದಲ್ಲಿ ನಯಾಪೈಸೆ ರಿಯಾಯಿತಿ ಇಲ್ಲ! ‘50% ಆಫ್’ ಎಂಬ ಬ್ಯಾನರು ಹೇಳುವುದು ಮಜೂರಿಯ ಮಾತು. ಲಕ್ಷ ರೂಪಾಯಿಯ ಚಿನ್ನಕ್ಕೆ ಹತ್ತು ಸಾವಿರ ಮಜೂರಿ ಅನ್ನಿ. ಅರ್ಧ ಬಿಟ್ಟರೆ ಐದು ಸಾವಿರ. ಒಟ್ಟು ಬಿಲ್ಲಿನ ಮೇಲೆ ಐದು ಪರ್ಸೆಂಟೂ ಆಗಲಿಲ್ಲ!

ಬೆಲೆ 499, 999, 1,999. ಈ ಒಂದು ರೂಪಾಯಿಯ ಆಟಕ್ಕೆ ನಮ್ಮ ದೇಶದಲ್ಲಿ ‘ಬಾಟಾ ಪ್ರೈಸ್’ ಎಂದೇ ಹೆಸರು! ಕಣ್ಣು ಎಡಗಡೆಯ ಅಂಕಿಯನ್ನು ಮೊದಲು ಹಿಡಿಯುತ್ತದೆ. 999 ಅಂದರೆ ಮನಸ್ಸಿಗೆ ಒಂಬೈನೂರು. ಜೇಬಿಗೆ ಮಾತ್ರ ಸಾವಿರ!

ಎಂಆರ್‌ಪಿ ಅಂದರೆ ‘ಇಷ್ಟೇ ಕೊಡಬೇಕು’ ಅಂತಲ್ಲ, ‘ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ’ ಅಂತ! ಎಲ್ಲ ತೆರಿಗೆಯೂ ಅದರೊಳಗೇ ಸೇರಿದೆ. ಮೇಲಿನ ಗೆರೆ ಎತ್ತರದಲ್ಲಿದ್ದಷ್ಟೂ ರಿಯಾಯಿತಿ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಎಷ್ಟು ಬಿಟ್ಟರು ಎಂದು ನೋಡಬೇಡಿ, ಎಷ್ಟಕ್ಕೆ ಕೊಟ್ಟರು ಎಂದು ನೋಡಿ!

‘ನೋ ಕಾಸ್ಟ್ ಇಎಂಐ’ ಎಂದು ಬರೆದಿರುತ್ತದೆ. ಸೊನ್ನೆ ಬಡ್ಡಿ ಎಂಬುದೇ ಜಗತ್ತಿನಲ್ಲಿ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು! ಬಡ್ಡಿ ಇದ್ದೇ ಇರುತ್ತದೆ. ಅಷ್ಟೇ ಮೊತ್ತವನ್ನು ಅಂಗಡಿ ‘ರಿಯಾಯಿತಿ’ ಎಂದು ತೋರಿಸುತ್ತದೆ. ಆ ಬಡ್ಡಿಗೆ ಜಿಎಸ್‌ಟಿ ಬಿದ್ದರೆ ಅದು ನಿಮ್ಮದೇ!

2014ರ ಅಕ್ಟೋಬರ್ 6. ಫ್ಲಿಪ್‌ಕಾರ್ಟಿನ ಮೊದಲ ‘ಬಿಗ್ ಬಿಲಿಯನ್ ಡೇ’. ಹತ್ತೇ ತಾಸಿನಲ್ಲಿ ಸುಮಾರು 600 ಕೋಟಿ ರೂಪಾಯಿ ವ್ಯಾಪಾರ ಆಯಿತೆಂದು ಕಂಪನಿ ಹೇಳಿತು. ಮರುದಿನ ಅದೇ ಕಂಪನಿ ಗಿರಾಕಿಗಳ ಕ್ಷಮೆ ಕೇಳಿತು! ಸಾಮಾನು ಖಾಲಿ, ಆರ್ಡರ್ ರದ್ದು, ಬೆಲೆಯ ಏರಿಳಿತ. ಒಂದೇ ದಿನದಲ್ಲಿ ಜಾತ್ರೆಯೂ ಆಯಿತು, ಗದ್ದಲವೂ ಆಯಿತು!

ಕೂಪನ್ನೇ ಬೇಡ ಎಂದವರ ಗತಿ ಏನಾಯಿತು? ಅಮೆರಿಕದ ಜೆಸಿ ಪೆನ್ನಿ ಅಂಗಡಿ 2012ರಲ್ಲಿ ಕೂಪನ್ ಕಿತ್ತುಹಾಕಿ ‘ದಿನಾ ಒಂದೇ ನ್ಯಾಯದ ಬೆಲೆ’ ಎಂದಿತು. ಜನ ಮೆಚ್ಚಬೇಕಿತ್ತಲ್ಲವೇ? ಆ ವರ್ಷ ವ್ಯಾಪಾರ ಕಾಲುಭಾಗ ಬಿದ್ದುಹೋಯಿತು! 2013ರ ಏಪ್ರಿಲಿನಲ್ಲಿ ಮುಖ್ಯಸ್ಥನ ಕೆಲಸ ಹೋಯಿತು. ಕೂಪನ್ ವಾಪಸ್ ಬಂತು. ನಮಗೆ ಕಡಿಮೆ ಬೆಲೆಗಿಂತ ಗೆದ್ದೆವು ಎಂಬ ಖುಷಿಯೇ ಬೇಕು!

ಆಫರು ತಿರುಗಿ ಬಡಿದದ್ದೂ ಉಂಟು! 1992ರಲ್ಲಿ ಫಿಲಿಪ್ಪೀನ್ಸಿನಲ್ಲಿ ಪೆಪ್ಸಿ ಮುಚ್ಚಳದೊಳಗೆ ಬಹುಮಾನದ ನಂಬರ್ ಇತ್ತು. ಗೆದ್ದ ನಂಬರ್ 349. ದೊಡ್ಡ ಬಹುಮಾನ ಹತ್ತು ಲಕ್ಷ ಪೆಸೊ. ಆ ನಂಬರ್ ಇರಬೇಕಾಗಿದ್ದು ಎರಡೇ ಮುಚ್ಚಳದಲ್ಲಿ. ತಪ್ಪಿ ಅಚ್ಚಾಗಿದ್ದು ಸುಮಾರು ಎಂಟು ಲಕ್ಷ! ಗಲಭೆಯೇ ಎದ್ದಿತು!

2019ರ ದೀಪಾವಳಿಯಲ್ಲಿ ಇಡೀ ದೇಶ ಒಂದು ರಂಗೋಲಿಗಾಗಿ ಬಾಯಿಬಿಟ್ಟಿತ್ತು, ನೆನಪಿದೆಯೇ? ಗೂಗಲ್ ಪೇನಲ್ಲಿ ಐದು ಸ್ಟ್ಯಾಂಪು ಸೇರಿಸಿದರೆ 251 ರೂಪಾಯಿ. ದೀಪ ಸಿಗುತ್ತಿತ್ತು, ರಂಗೋಲಿ ಮಾತ್ರ ಸಿಗುತ್ತಿರಲಿಲ್ಲ! ವರ್ಷಾನುಗಟ್ಟಲೆ ಮಾತಾಡದ ಬೀಗರೂ ಫೋನು ಮಾಡಿ ‘ರಂಗೋಲಿ ಐತೇನ್ರಿ?’ ಎಂದು ಕೇಳಿದರು!

ಅಂಚೆಯಲ್ಲಿ ಸ್ಕ್ರ್ಯಾಚ್ ಕಾರ್ಡು ಬಂತೇ? ಉಜ್ಜಿದರೆ ಕಾರು ಬಂತೇ? ‘ಮೊದಲು ತೆರಿಗೆ ಕಟ್ಟಿ’ ಎಂದರೇ? ಆ ಕಾರಿಗೆ ಚಕ್ರವೇ ಇಲ್ಲ! ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ.

‘ಎರಡೇ ಉಳಿದಿವೆ, ಬೇಗ!’ ಎಂದು ಸುಳ್ಳು ಅವಸರ ಮಾಡುವುದು ಈಗ ತಪ್ಪು! 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಹೇಳದೆ ಬುಟ್ಟಿಗೆ ಸಾಮಾನು ಸೇರಿಸುವುದೂ ಅದರಲ್ಲಿದೆ. ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂಬ ಬಟನ್ ಇಟ್ಟು ನಾಚಿಸುವುದೂ ಇದೆ!

ಹಾಗಾದರೆ ಕೂಪನ್ ಉಳಿಸುವುದೇ ಇಲ್ಲವೇ? ಉಳಿಸುತ್ತದೆ! ಕೊಳ್ಳಲೇಬೇಕೆಂದು ಮೊದಲೇ ತೀರ್ಮಾನಿಸಿದ ಸಾಮಾನಿಗೆ ಹೊಸ ಗಿರಾಕಿಯ ಕೋಡೋ ಬ್ಯಾಂಕ್ ಕಾರ್ಡಿನ ಆಫರೋ ಸಿಕ್ಕರೆ ಲಾಭ ನಿಮ್ಮದೇ. ಕೋಡು ನೋಡಿದ ಮೇಲೆ ಬೇಕೆನಿಸಿದರೆ ಲಾಭ ಅವರದು. ಕೊನೆಯ ಬಿಲ್ಲನ್ನು ಊರ ಅಂಗಡಿಯ ರೇಟಿನ ಪಕ್ಕ ಇಟ್ಟು ನೋಡಿ. ಎರಡು ನಿಮಿಷದ ಕೆಲಸ!

ಕಡೆಯದಾಗಿ, ನಮ್ಮ ಸೀಮೆಯ ಅತಿ ಹಳೆಯ ಆಫರ್ ಎಲ್ಲಿದೆ ಗೊತ್ತೇ? ಮಸ್ಕಿಯ ಬಂಡೆಯ ಮೇಲೆ! ಅಶೋಕನ ಶಾಸನ ಅದು. ಧರ್ಮದಲ್ಲಿ ನಡೆದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಫಲ ಸಿಗುತ್ತದೆ ಎನ್ನುತ್ತದೆ. ಮಿನಿಮಮ್ ಆರ್ಡರ್ ಇಲ್ಲ, ಕೊನೆಯ ದಿನಾಂಕ ಇಲ್ಲ, ಸಣ್ಣಕ್ಷರದ ಷರತ್ತೂ ಇಲ್ಲ! ‘ದೇವಾನಾಂಪ್ರಿಯ’ ಎಂಬ ರಾಜ ಅಶೋಕನೇ ಎಂದು ಹೆಸರು ಹಿಡಿದು ತೋರಿಸಿದ ಬಂಡೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ಗೆ ಅದು ಸಿಕ್ಕ ವರ್ಷ 1915. ಕೊಂಡ ಸಾಮಾನಿನ ಬಗ್ಗೆ ಅಂಗಡಿಯ ಮೇಲೆ ದೂರಿದ್ದರೆ ನೀವು ಒತ್ತಬೇಕಾದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ ಎಷ್ಟು? ಅದೂ 1915! ಇನ್ನು ಮರೆತೀರಾ?